ಬಾಳೆಮೂಲೆಯ ಮಾತುಕಲ್ಲು

ಸುಂಟಿಕೊಪ್ಪ,
೨೧ ನವೆಂಬರ್ ೧೯೨೬

ತೀರ್ಥರೂಪರ ಪಾದಗಳಿಗೆ ಪದ್ಮಾಕ್ಷಿಯ ನಮಸ್ಕಾರ.

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡರೆ ನೀವು ಲಕೋಟೆ ಒಡೆಯದೆಯೇ ಅಟ್ಟಕ್ಕೆ ಎಸೆಯುತ್ತೀರಿ ಎಂದು ಗೊತ್ತು. ಅದಕ್ಕೇ ಮೇಲೆ ‘ದೇವಸ್ಥಾನದ ಕೆಲಸ’ ಎಂದು ಬರೆದೆ. ಸುಳ್ಳಲ್ಲ, ಪೂರ್ತಿ ಓದಿ ನೋಡಿ. ಗಂಡ ತೀರಿಕೊಂಡ ಮೇಲೆ ನಾನು ಮಂಗಳೂರಿಗೆ ಹೋಗಿ ಕಲಿತದ್ದು, ಇಲ್ಲಿ ಶಾಲೆಗೆ ಸೇರಿದ್ದು ಸರಿಯೋ ತಪ್ಪೋ ಎಂಬ ನಮ್ಮ ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ. ಓಡಿಹೋಗುತ್ತಿರುವವಳು ಒಬ್ಬ ಹುಡುಗಿ.

ಹೆಸರು ಸಿದ್ದಿ. ಹದಿನಾಲ್ಕು ವರ್ಷ. ತಂದೆ ಇಲ್ಲ. ತಾಯಿ ಲಿಂಗಿ ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿದ್ದಾಳೆ, ಹಣ್ಣು ಕೊಯ್ಯುವ ಕೆಲಸ. ಈ ಹುಡುಗಿ ಶಾಲೆಗೆ ಬಂದ ದಿನ ಸ್ಲೇಟನ್ನು ತಲೆಕೆಳಗಾಗಿ ಹಿಡಿದಿದ್ದಳು. ವರ್ಷ ತುಂಬುವುದರೊಳಗೆ ಚಾವಡಿಯ ನೋಟೀಸನ್ನು ಲೈನಿನವರಿಗೆಲ್ಲ ಓದಿ ಹೇಳುವಷ್ಟಾದಳು. ಅಂಥವಳು ದಸರೆಯಿಂದ ಈಚೆಗೆ ವಾರಕ್ಕೆರಡು ದಿನ ಬಂದರೆ ಹೆಚ್ಚು. ಬಂದಾಗ ಕೈಗೆ ಹೊಸ ಬಳೆ, ಜಡೆಗೆ ರೇಷ್ಮೆ ಟೇಪು. ಎಲ್ಲಿಂದ ಎಂದು ಕೇಳಿದರೆ ನೆಲ ನೋಡುತ್ತಾಳೆ.

ಘಟ್ಟದ ಪುಟ್ಟನ ಹೆಸರು ನಿಮ್ಮ ಕಡೆ ಕೇಳದವರಿಲ್ಲ. ಇಲ್ಲಿಂದ ಮಂಗಳೂರಿಗೆ ಹೋಗುವ ಕಾಫಿ ಗಾಡಿಗಳು ಸಂಪಾಜೆ ಘಟ್ಟ ಇಳಿಯುವಾಗ ಮೂಟೆ ಹಗುರವಾಗುವುದು ಅವನ ಗುಂಪಿನ ಕೈಚಳಕ. ಈಗ ಅವನು ದೊಡ್ಡವರನ್ನು ಬಿಟ್ಟು ಮಕ್ಕಳನ್ನು ಹಿಡಿದಿದ್ದಾನೆ. ಹುಡುಗರು ತೆವಳುತ್ತ ಹೋಗುವ ಗಾಡಿಯ ಹಿಂದಕ್ಕೆ ಹತ್ತಿ ಮೂಟೆ ಕೊಯ್ಯುತ್ತಾರೆ, ಹುಡುಗಿಯರು ಆ ಕಾಫಿಯನ್ನು ಸೌದೆಹೊರೆಯೊಳಗೆ ಕಟ್ಟಿಕೊಂಡು ಸುಂಕದ ಕಟ್ಟೆ ದಾಟುತ್ತಾರೆ; ಸಿದ್ದಿಯೂ ಅವರಲ್ಲೊಬ್ಬಳು. ಸೌದೆ ಹೊತ್ತ ಹುಡುಗಿಯನ್ನು ಯಾರು ತಡೆದು ನೋಡುತ್ತಾರೆ? ಆದರೆ ಚೀಟಿಯಿಲ್ಲದ ಕಾಫಿಯೊಂದಿಗೆ ಸಿಕ್ಕಿಬಿದ್ದರೆ ಜೈಲು. ಆಮೇಲೆ ಯಾವ ಎಸ್ಟೇಟಿನವರೂ ಅವಳನ್ನಾಗಲಿ ಲಿಂಗಿಯನ್ನಾಗಲಿ ಗೇಟಿನೊಳಗೆ ಬಿಡುವುದಿಲ್ಲ.

ನಾನು ಚಾವಡಿಗೆ ಹೋದೆ. ಹೌದು, ಒಬ್ಬಳೇ. ಸಂತೆ ಮುಗಿದ ಮೇಲೆ ಅಲ್ಲಿನ ಜಗಲಿಯಲ್ಲಿ ಮೂವರು ಕೂತಿರುತ್ತಾರೆ: ಈ ನಾಡಿನ ಕಂದಾಯ, ತಂಟೆ, ತಕರಾರೆಲ್ಲ ನೋಡಿಕೊಳ್ಳುವ ಪಾರ್ಪತ್ಯಗಾರ ಸಾಂತಪ್ಪನವರು, ಪೊಲೀಸು ಜಮೇದಾರ ಬೋಜಪ್ಪನವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ನಶ್ಯ ಏರಿಸಿಕೊಂಡು ಊರ ಸುದ್ದಿ ಆಡುವವರು ಎಂದುಕೊಂಡಿದ್ದೆ. ಅವರು ಆಡುತ್ತಿದ್ದದ್ದು ಮಕ್ಕಳ ಸುದ್ದಿ. ಯಾವ ಲೈನಿನ ಯಾವ ಮಗು ಈ ವಾರ ಕಾಣಲಿಲ್ಲ, ಯಾರ ತಾಯಿ ಹಾಸಿಗೆ ಹಿಡಿದಿದ್ದಾಳೆ, ಯಾವ ಹುಡುಗ ಗಾಡಿಯವರ ಜೊತೆ ಬೀಡಿ ಸೇದುತ್ತಿದ್ದ. ಹೋದ ತಿಂಗಳು ಬೋಜಪ್ಪನವರು ಘಟ್ಟದಲ್ಲಿ ಇಬ್ಬರು ಹುಡುಗರನ್ನು ಹಿಡಿದು ಠಾಣೆಗೆ ಒಯ್ಯದೆ ತಮ್ಮ ಮನೆಗೇ ಕರೆತಂದು, ಹೆಂಡತಿಯ ಕೈಯಲ್ಲಿ ರೊಟ್ಟಿ ಹಾಕಿಸಿ, ಅವರ ಅಜ್ಜಿಗೆ ಒಪ್ಪಿಸಿ ಬಂದರಂತೆ. ಆ ಮೀಸೆ ನೋಡಿದರೆ ಯಾರೂ ನಂಬಲಾರರು! ನನಗೂ ಒಂದು ಮಣೆ ಹಾಕಿದರು. ಅಪ್ಪಯ್ಯ, ಸರಕಾರದ ಕಚೇರಿಯೊಂದರ ಮೇಲೆ ನನಗೆ ಮೊದಲ ಸಲ ಗೌರವ ಹುಟ್ಟಿತು.

ಆದರೆ ಸಿದ್ದಿ ಅವರಿಗೂ ಬಾಯಿ ಬಿಡಲಿಲ್ಲ. ಕೊನೆಗೆ ನನ್ನ ಸೆರಗು ಹಿಡಿದು ಅತ್ತಳು. “ನಾನು ಏಳಂಗಿಲ್ಲ ಅಮ್ಮೋರೆ. ಅವನ್ನ ಬುಡಂಗೂ ಇಲ್ಲ. ಬಾಳೆಮೂಲೆ ಕಲ್ಲಿನ ಮುಂದೆ ಆಣೆ ಮಡಗಿವ್ನಿ. ತಪ್ಪುದ್ರೆ ನಮ್ಮವ್ವನ ಕಣ್ಣು ಓಯ್ತದೆ.”

ಬಾಳೆಮೂಲೆ ಕಲ್ಲೆಂದರೆ ನಿಮ್ಮ ದೇವಸ್ಥಾನದ ಮುಂದಿನ ಕಲ್ಲು. ಅದನ್ನು ಬಿಡಿಸುವ ದಾರಿ ನಿಮಗಲ್ಲದೆ ಯಾರಿಗೆ ಗೊತ್ತು? ನನಗಾಗಿ ಬೇಡ, ಅವಳಿಗಾಗಿ ಬರೆಯಿರಿ.

ನಿಮ್ಮ ಮಗಳು,
ಪದ್ಮಾಕ್ಷಿ

—

ಬಾಳೆಮೂಲೆ, ಸಂಪಾಜೆ ಅಂಚೆ,
೧ ಡಿಸೆಂಬರ್ ೧೯೨೬

ಪದ್ಮಾಕ್ಷಿಗೆ,

ಲಕೋಟೆಯ ಮೇಲೆ ದೇವರ ಹೆಸರು ಹಾಕಿ ತಂದೆಗೆ ಟೋಪಿ ಹಾಕುವುದನ್ನು ಮಂಗಳೂರಿನಲ್ಲಿ ಕಲಿಸಿದರೋ? ಓದಿದೆ. ನಿನ್ನ ಅಮ್ಮ ಮತ್ತೆರಡು ಸಲ ಓದಿಸಿದಳು. ನೀನು ಏನು ಉಣ್ಣುತ್ತೀ, ಯಾರ ಜೊತೆ ಇರುತ್ತೀ ಎಂಬುದು ಒಂದು ಸಾಲಾದರೂ ಇದೆಯೋ ಎಂದು ಹುಡುಕಿಸಿದಳು. ಇರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಮಾತುಕಲ್ಲು ಇರುವುದು ಅಂಗಳದ ಹೊರಗೆ, ಹಲಸಿನ ಮರದ ಬುಡದಲ್ಲಿ. ಯಾವ ಜಾತಿಯವರೂ ಬರಬಹುದು, ಆದ್ದರಿಂದ ನನ್ನ ಕಣ್ಣಿಗೆ ಬೀಳದೆಯೂ ಅಲ್ಲಿ ಮಾತುಗಳಾಗುತ್ತವೆ. ಇಬ್ಬರು ಒಂದೇ ತಂಬಿಗೆ ಹಿಡಿದು ಕಲ್ಲಿಗೆ ನೀರೆರೆದು ಮಾತು ಕೊಡುವುದು ಕ್ರಮ. ಬಿಡಿಸುವುದೂ ಹಾಗೆಯೇ. ಅದೇ ಇಬ್ಬರು ಬಂದು, ಒಂದೇ ತಂಬಿಗೆ ಹಿಡಿದು, ನೀರೆರೆದು, ಬಾಯಿಬಿಟ್ಟು ‘ಬಿಟ್ಟೆ’ ಎನ್ನಬೇಕು. ನಾನು ಗರ್ಭಗುಡಿಯಿಂದ ಶಾಸ್ತಾವಿನ ಮುಂದಿನ ದೀಪ ತಂದು ಇಡಬೇಕು. ಹುಡುಗಿ ಒಬ್ಬಳೇ ಬಂದರೆ ಆಗದು, ಪುಟ್ಟನೂ ಬರಬೇಕು. ಬರುತ್ತಾನೋ? ಬಂದರೆ ನಿಮ್ಮ ಮೀಸೆಯ ಜಮೇದಾರರು ಬಿಡುತ್ತಾರೋ?

ಇನ್ನೊಂದು. ಆ ಕಲ್ಲಿನಲ್ಲಿ ಒಬ್ಬರೇ ಮಾತು ಕೊಡುವುದೆಂದಿಲ್ಲ. ಅವನೂ ಏನೋ ಕೊಟ್ಟಿರುತ್ತಾನೆ. ಏನೆಂದು ಹುಡುಗಿಯನ್ನು ಕೇಳು.

ಪೊಲೀಸರು ಇದನ್ನೆಲ್ಲ ಮೂಢನಂಬಿಕೆ ಎಂದು ನಕ್ಕರೆ ನನಗೆ ಬರೆಯಬೇಡ.

ಗಜಾನನ ಭಟ್ಟ

—

ಸುಂಟಿಕೊಪ್ಪ,
೧೯ ಡಿಸೆಂಬರ್ ೧೯೨೬

ಅಪ್ಪಯ್ಯನವರಿಗೆ ನಮಸ್ಕಾರ.

ಅಮ್ಮನಿಗೆ ಮೊದಲು ಹೇಳಿ: ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮಧ್ಯಾಹ್ನದ್ದೇ. ಶಾಲೆಯ ಹಿಂದಿನ ಕೋಣೆಯಲ್ಲಿದ್ದೇನೆ, ಚಾವಡಿಯ ಅಡುಗೆಯ ವಾರಿಜಾಕ್ಷಮ್ಮ ಜೊತೆಗೆ ಮಲಗುತ್ತಾರೆ. ಅವರ ಗೊರಕೆಗೆ ಕಳ್ಳರು ಹತ್ತಿರ ಸುಳಿಯರು.

ಯಾರೂ ನಗಲಿಲ್ಲ. ನಿಮ್ಮ ಕಾಗದವನ್ನು ಜಗಲಿಯಲ್ಲಿ ಓದಿದಾಗ ಬೋಜಪ್ಪನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸಿದ್ದಿಯನ್ನೂ ಕೇಳಿದೆ. ನಿಮ್ಮ ಊಹೆ ಸರಿ. “ನಿಮ್ಮ ಮೈಮೇಲೆ ಒಂದು ಏಟು ಬೀಳಕ್ಕೆ ಬುಡಾಕಿಲ್ಲ, ಬುಟ್ರೆ ನನ್ನ ಕೈ ಬಿದ್ದೋಗ್ಲಿ” ಎಂದು ಪುಟ್ಟ ಹೇಳಿದ್ದಾನೆ. ತಂದೆಯಿಲ್ಲದ ಹುಡುಗಿಗೆ ಯಾರಾದರೂ ಅಷ್ಟು ಹೇಳಿದರೆ ಸಾಕಲ್ಲವೇ? ಬಳೆಗೆ ಹೋದಳು ಎಂದುಕೊಂಡಿದ್ದೆ. ಈ ಮಾತಿಗೆ ಹೋಗಿದ್ದಾಳೆ.

ಈಗ ಕೆಟ್ಟ ಸುದ್ದಿ. ಪುಟ್ಟನನ್ನು ಕರೆಸುವುದು ಆಗದ ಕೆಲಸ ಎಂದು ಸಾಂತಪ್ಪನವರಿಗೆ ಅನಿಸಿತು. ಒಳ್ಳೆಯ ಮನುಷ್ಯ, ಕಾದು ಕೂರುವ ಜಾಯಮಾನವಿಲ್ಲ. ನಾನು ಶಾಲೆಯಲ್ಲಿದ್ದ ಹೊತ್ತಿಗೆ ಲಿಂಗಿಯನ್ನೂ ಸಿದ್ದಿಯನ್ನೂ ಲೈನಿನ ಮಾರಿಗುಡಿಗೆ ಕರೆಸಿ, ಹುಡುಗಿಯ ಕೈಯಲ್ಲಿ ಕರ್ಪೂರ ಮುಟ್ಟಿಸಿ ಇನ್ನೊಂದು ಆಣೆ ಹಾಕಿಸಿಬಿಟ್ಟರು: ಇನ್ನು ಘಟ್ಟದ ಕಡೆ ಕಾಲಿಟ್ಟರೆ ಅವ್ವನ ಜೀವ ಹೋಗಲಿ ಎಂದು. ನನ್ನ ಹತ್ತಿರ ಬಂದು, “ಅವನ ಆಣೆಗಿಂತ ದೊಡ್ಡದು ಹಾಕ್ಸಿದೇನೆ ಟೀಚರಮ್ಮ, ಚಿಂತೆ ಬಿಡಿ” ಎಂದು ನಶ್ಯದ ಡಬ್ಬಿ ತಟ್ಟಿದರು.

ಅಂದಿನಿಂದ ಸಿದ್ದಿ ಊಟ ಬಿಟ್ಟಿದ್ದಾಳೆ. ಹೋದರೆ ಅವ್ವ ಸಾಯುತ್ತಾಳೆ, ಹೋಗದಿದ್ದರೆ ಅವ್ವ ಕುರುಡಿಯಾಗುತ್ತಾಳೆ. ಲಿಂಗಿ ಕೆಲಸಕ್ಕೆ ಹೊರಟರೆ ಇವಳು ಹಿಂದೆಯೇ ಹೋಗಿ, ಗಿಡಗಳ ನಡುವೆ ನಿಂತು ತಾಯಿಯ ಮುಖವನ್ನೇ ನೋಡುತ್ತಿರುತ್ತಾಳೆ. ನನಗೆ ನೋಡಲಾಗುತ್ತಿಲ್ಲ. ಏನು ಮಾಡಲಿ?

ಪದ್ಮಾಕ್ಷಿ

—

ಬಾಳೆಮೂಲೆ,
೨೪ ಡಿಸೆಂಬರ್ ೧೯೨೬

ಪದ್ಮಾಕ್ಷಿಗೆ,

ಈ ಕಾಗದವನ್ನು ನಿಮ್ಮ ಪಾರ್ಪತ್ಯಗಾರರಿಗೇ ಓದಿ ಹೇಳು, ಒಂದಕ್ಷರ ಬಿಡಬೇಡ.

ಸ್ವಾಮೀ, ಒಂದು ಹಗ್ಗ ಬಿಗಿದ ಕರುವನ್ನು ಬಿಡಿಸುವುದಕ್ಕೆ ಇನ್ನೊಂದು ಹಗ್ಗ ಬಿಗಿದು ಆಚೆ ಕಡೆಗೆ ಎಳೆಯುವವರುಂಟೇ? ದೇವರುಗಳಲ್ಲಿ ತಹಶೀಲ್ದಾರ, ಸುಬೇದಾರ ಎಂದು ದರ್ಜೆಗಳಿವೆಯೇ, ಮೇಲಿನವರ ಹುಕುಂ ತಂದು ಕೆಳಗಿನವರದ್ದನ್ನು ಅಳಿಸಿಬಿಡಲಿಕ್ಕೆ? ಮೊದಲು ಒಂದು ಗಂಟಿತ್ತು, ಈಗ ಎರಡು. ಪುಟ್ಟ ಹಾಕಿದ್ದನ್ನು ಪುಟ್ಟನೇ ಬಿಡಿಸಬೇಕು, ನೀವು ಹಾಕಿದ್ದನ್ನು ನೀವೇ. ಮಾರಿಗುಡಿಗೆ ಹೋಗಿ, ಜನರ ಮುಂದೆ, ಹುಡುಗಿಯ ಜೊತೆ ನಿಂತು ‘ಬಿಟ್ಟೆ’ ಎನ್ನಬೇಕು. ಆದರೆ ಕಲ್ಲಿನದು ಮೊದಲು. ಮೊದಲಿನದು ಮೊದಲು ಬಿಡಬೇಕು.

ಪದ್ಮಾಕ್ಷಿ, ಆ ಹುಡುಗಿಯನ್ನು ಬಯ್ಯಬೇಡ. ಅಮ್ಮ ಮೋಟಾರಿನವನ ಕೈಯಲ್ಲಿ ಹಲಸಿನ ಹಪ್ಪಳ ಕೊಟ್ಟಿದ್ದಾಳೆ, ಹುಡುಗಿಗೂ ಕೊಡು. ರಾತ್ರಿಯೂ ಬಿಸಿ ಅನ್ನ ಮಾಡಿಕೋ.

ಗಜಾನನ ಭಟ್ಟ

—

ಸುಂಟಿಕೊಪ್ಪ,
೯ ಜನವರಿ ೧೯೨೭

ಅಪ್ಪಯ್ಯನವರಿಗೆ ನಮಸ್ಕಾರ.

ಒಂದಕ್ಷರ ಬಿಡದೆ ಓದಿದೆ. ಓದುವುದು ಸುಲಭವಿರಲಿಲ್ಲ; ಕೂತಿರುವವರು ಈ ನಾಡಿನ ಪಾರ್ಪತ್ಯಗಾರರು, ನಾನು ತಿಂಗಳ ಸಂಬಳದ ಉಪಾಧ್ಯಾಯಿನಿ. ಸಾಂತಪ್ಪನವರು ಕೊನೆಯವರೆಗೂ ಕೇಳಿದರು. ನಶ್ಯದ ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, “ಭಟ್ರು ಹೇಳಿದ್ದು ಸರಿ. ಕೆಡಿಸಿದವ ನಾನು” ಎಂದರು. ಇಂಥ ಅಧಿಕಾರಿಗಳು ಇನ್ನೆಷ್ಟು ಕಡೆ ಇದ್ದಾರೋ ನಾನು ಕಾಣೆ. ನನಗೆ ಎದ್ದು ಕೈ ಮುಗಿಯಬೇಕೆನಿಸಿತು.

ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು. ಹೊಸ ವರ್ಷದ ಮಾರನೆಯ ದಿನ ಲಿಂಗಿಯ ಕಣ್ಣು ಕೆಂಪಾಗಿ ಊದಿಕೊಂಡಿತು. ಈ ಚಳಿಗೆ ಲೈನಿನಲ್ಲಿ ಅರ್ಧ ಜನಕ್ಕೆ ಕಣ್ಣುಬೇನೆ. ಆದರೆ ಸಿದ್ದಿಗೆ ಕಂಡದ್ದು ಕಲ್ಲು ಮಾತ್ರ. ಅವತ್ತೇ ಹೋಗಿಬಿಟ್ಟಳು. ಬಳೆಗಳನ್ನೆಲ್ಲ ತೆಗೆದು ತಾಯಿಯ ಚಾಪೆಯ ಮೇಲಿಟ್ಟು ಹೋಗಿದ್ದಾಳೆ. ಲಿಂಗಿಯ ಕಣ್ಣು ಐದಾರು ದಿನಕ್ಕೆ ವಾಸಿಯಾಯಿತು. ವಾಸಿಯಾದದ್ದು ತಾನು ಘಟ್ಟಕ್ಕೆ ಹೋದದ್ದರಿಂದಲೇ ಎಂದು ಹುಡುಗಿ ತಿಳಿದುಕೊಳ್ಳುತ್ತಾಳಲ್ಲ!

ಇವತ್ತು ಜಗಲಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಬೋಜಪ್ಪನವರು ಎರಡು ವರ್ಷದಿಂದ ಪುಟ್ಟನ ಬೆನ್ನು ಹತ್ತಿದ್ದಾರೆ. ಈಗ ಅವನು ಕಾಫಿ ಇಳಿಸುವ ಜಾಗ ಗೊತ್ತಾಗಿದೆ. ಮುಂದಿನ ವಾರ ಅಲ್ಲಿ ಜನ ಅಡಗಿಸಿಟ್ಟರೆ ಮಾಲು ಸಮೇತ ಹಿಡಿಯಬಹುದು, ಬಡ್ತಿಯೂ ಸಿಗಬಹುದು. ಆದರೆ ಆ ಮಾಲು ಇರುವುದು ಮಕ್ಕಳ ತಲೆಯ ಮೇಲೆ. ಪುಟ್ಟ ಸಿಕ್ಕರೆ ಸಿದ್ದಿಯೂ ಸಿಗುತ್ತಾಳೆ, ಅವನಿಗಿಂತ ಮೊದಲೇ ಸಿಗುತ್ತಾಳೆ. ರೈಟರು, “ಅದು ಕಾನೂನು, ನಾವೇನು ಮಾಡೋದು?” ಎಂದರು. ಬೋಜಪ್ಪನವರು ತಮ್ಮ ಮನೆಮಾತಿನಲ್ಲೇ ಹೇಳಿದರು: “ಪುಟ್ಟನ್ನ ನಾಳೆನೂ ಹಿಡಿಯಬೌದು. ಮಕ್ಕ ಕೈ ತಪ್ಪಿರೆ ಮತ್ತೆ ಸಿಕ್ಕುದಿಲ್ಲೆ. ಅಂವ ಕಲ್ಲಿನ ಹತ್ರ ಬರ್ಲಿ. ಬಂದ ದಿನ ನಾನ್ ಅಂವನ ಮುಟ್ಟುದಿಲ್ಲೆ.”

ಮೇಲಿನವರಿಗೆ ಗೊತ್ತಾದರೆ ಎಂದು ನಾನು ಕೇಳಿದೆ. “ಗೊತ್ತಾಗದೆ ಇರ್ತದಾ? ಗೊತ್ತಾಗ್ತದೆ. ಕೇಳಿದರೆ ಇಬ್ಬರೂ ಹೋಗಿ ಹೇಳ್ತೇವೆ” ಎಂದರು ಸಾಂತಪ್ಪನವರು.

ಅಪ್ಪಯ್ಯ, ಇನ್ನು ಪುಟ್ಟನಿಗೆ ಹೇಳಿಕಳಿಸುವುದು ನಿಮ್ಮಿಂದ ಮಾತ್ರ ಆಗುವ ಕೆಲಸ. ಚಾವಡಿಯ ಮಾತನ್ನು ಅವನು ನಂಬುವುದಿಲ್ಲ, ಶಾಸ್ತಾವಿನ ಭಟ್ಟರ ಮಾತನ್ನು ನಂಬುತ್ತಾನೆ.

ನಿಮ್ಮ ಮಗಳು,
ಪದ್ಮಾಕ್ಷಿ

—

ಬಾಳೆಮೂಲೆ,
೨೦ ಜನವರಿ ೧೯೨೭

ಮಗಳು ಪದ್ಮಾಕ್ಷಿಗೆ ಆಶೀರ್ವಾದ.

ಸುಂಕದ ಕಟ್ಟೆಯವನ ಮೂಲಕ ಹೇಳಿಕಳಿಸಿದ್ದೆ. ನಿನ್ನೆ ಮಧ್ಯಾಹ್ನ ಪುಟ್ಟ ತಾನಾಗಿ ಬಂದು ಕೆರೆಯ ಮೆಟ್ಟಿಲಲ್ಲಿ ಕೂತ. ಹೆಸರು ಪುಟ್ಟ, ಆಳು ನಮ್ಮ ದೇವಸ್ಥಾನದ ಬಾಗಿಲಿನಷ್ಟು. ಮೊದಲು ಅವನೂ ಗಾಡಿಯವನೇ, ಎತ್ತುಗಳು ಸತ್ತ ಮೇಲೆ ಹೀಗಾದ. ನನಗೆ ಅವನ ಅಪ್ಪನ ಗುರುತೂ ಇದೆ.

“ಭಟ್ರೆ, ನಾನು ಯಾಕೆ ಬಿಡ್ಬೇಕು? ಮಕ್ಕಳಿಗೆ ಹೊಟ್ಟೆಗೆ ಹಾಕ್ತೇನೆ. ಅವರ ಎಸ್ಟೇಟಿನವ ಹಾಕ್ತಾನಾ?” ಎಂದ. ಅದು ಸುಳ್ಳೆಂದು ನಾನು ವಾದಿಸಲಿಲ್ಲ. ಒಂದನ್ನು ಮಾತ್ರ ಕೇಳಿದೆ: “ಹೋದ ವಾರ ಗಾಡಿಯಿಂದ ಬಿದ್ದು ಒಬ್ಬ ಹುಡುಗನ ತೋಳು ಮುರಿಯಿತಂತೆ, ಗಾಡಿಯವ ಚಾಟಿಯಲ್ಲಿ ಹೊಡೆದನಂತೆ, ಹೌದೋ? ಒಂದು ಏಟು ಬೀಳಲು ಬಿಡುವುದಿಲ್ಲ ಎಂದು ನೀರೆರೆದವನು ಯಾರು ಮಾರಾಯ? ಮಕ್ಕಳು ತಪ್ಪಲಿಲ್ಲ. ಮೊದಲು ತಪ್ಪಿದವನು ನೀನು.”

ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವನನ್ನು ನೋಡಿ ನನಗೆ ಪಾಪವೆನಿಸಿತು, ಅದನ್ನೂ ಬರೆಯುತ್ತೇನೆ. ಕಳ್ಳನಾದರೂ ಕಲ್ಲಿಗೆ ಹೆದರುವವನು. ಫೆಬ್ರವರಿ ಎರಡಕ್ಕೆ ಬರುತ್ತೇನೆ ಎಂದಿದ್ದಾನೆ. ಅಂದು ಸೂರ್ಯ ಹುಟ್ಟಿದಾಗಿನಿಂದ ಅವನು ಗಡಿಯ ಹೊಳೆ ದಾಟುವವರೆಗೆ ಯಾವ ಪೊಲೀಸನೂ ಅವನ ಮೈ ಮುಟ್ಟಬಾರದು. ಜಮೇದಾರರ ಮಾತಿಗೆ ನಾನು ಹೊಣೆ ನಿಂತಿದ್ದೇನೆ. ಅವರ ಮುಖ ಕಂಡವನಲ್ಲ, ನಿನ್ನ ಕಾಗದದ ಮೇಲೆ ನಿಂತಿದ್ದೇನೆ.

ಲಿಂಗಿಯನ್ನು ತಪ್ಪದೆ ಕಳಿಸು.

ಗಜಾನನ ಭಟ್ಟ

—

ಬಾಳೆಮೂಲೆ,
೩ ಫೆಬ್ರವರಿ ೧೯೨೭

ಚಿರಂಜೀವಿ ಪದ್ಮಾಕ್ಷಿಗೆ ಆಶೀರ್ವಾದಗಳು.

ಶಾಲೆಗೆ ರಜೆಯಿಲ್ಲವೆಂದು ನೀನು ಬರಲಿಲ್ಲ ಎಂದು ಜಮೇದಾರರು ಹೇಳಿದರು. ಅಮ್ಮ ಮೋಟಾರಿನ ಸದ್ದಿಗೆ ಎರಡು ಸಲ ಬೇಲಿಯವರೆಗೆ ಹೋಗಿ ಬಂದಳು. ನಾನು ನಿನ್ನನ್ನು ಕರೆದಿರಲಿಲ್ಲ, ಅದು ನನಗೆ ನೆನಪಿದೆ.

ನಿನ್ನೆಯದನ್ನು ಬರೆಯುತ್ತೇನೆ. ಬೋಜಪ್ಪನವರು ಪಂಚೆ, ಬಿಳಿ ಅಂಗಿಯಲ್ಲಿ ಕೊಡೆ ಹಿಡಿದು ಲಿಂಗಿಯನ್ನು ಕರೆತಂದರು. ಮದುವೆಮನೆಗೆ ಬಂದ ಬೀಗರಂತಿದ್ದರು, ಮೀಸೆಯೊಂದು ಬಿಟ್ಟು. ಬಿಸಿಲೇರುವಾಗ ಪುಟ್ಟ ಬಂದ, ಹಿಂದೆ ಐದು ಮಕ್ಕಳು. ಒಬ್ಬನ ತೋಳಿಗೆ ಬಿದಿರ ಸೀಳಿನ ಕಟ್ಟು. ನಿನ್ನ ಸಿದ್ದಿ ತಾಯಿಯನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಲಿಂಗಿ ಓಡಿಹೋಗಿ ಮಗಳ ಮುಖದ ಹತ್ತಿರ ಕಣ್ಣರಳಿಸಿ, “ನೋಡಮ್ಮಿ, ಚೆಂದಾಗೇ ಕಾಣ್ತದೆ ಕಣವ್ವ. ಆ ಹಲಸಿನ ಕಾಯೆಲ್ಲ ಎಣಿಸ್ಲಾ?” ಎಂದಳು. ಎಣಿಸತೊಡಗಿದಳು ಕೂಡ. ಹುಡುಗಿ ಆಗ ಅತ್ತದ್ದನ್ನು ನಾನು ಬರೆಯಲಾರೆ.

ಒಳಗಿನ ದೀಪವನ್ನು ಲೈನಿನ ಮಕ್ಕಳ ಮುಂದೆ ಇಡುವುದೇ ಎಂದು ಊರಿನ ಇಬ್ಬರು ಗೊಣಗಿದರು. ದೇವರು ಕೇಳಿದರೆ ನಾನು ಉತ್ತರ ಹೇಳುತ್ತೇನೆ, ಬಿಸಿಲು ತಡೆಯದಿದ್ದರೆ ನೀವು ನಿಮ್ಮ ಕೊಡೆ ಬಿಡಿಸಿಕೊಳ್ಳಿ ಎಂದೆ. 

ಒಬ್ಬೊಬ್ಬರಾಗಿ ತಂಬಿಗೆ ಹಿಡಿದರು. ಪುಟ್ಟನ ದೊಡ್ಡ ಕೈ, ಅದರ ಪಕ್ಕ ಒಂದೊಂದು ಸಣ್ಣ ಕೈ. ಹುಡುಗರು ಪಾಠ ಒಪ್ಪಿಸುವಂತೆ ಬೇಗಬೇಗ ‘ಬಿಟ್ಟೆ’ ಎಂದರು. ಸಿದ್ದಿಯ ಸರದಿ ಬಂದಾಗ ಅವನು ‘ಬಿಟ್ಟೆ’ ಎಂದ, ಅವಳು ಅವನ ಮುಖ ನೋಡಿದಳು. “ನೀನು ನಮಗೆ ಅನ್ನ ಹಾಕಿದ್ದು ಸುಳ್ಳಲ್ಲ ಪುಟ್ಟಣ್ಣ” ಎಂದಳು. ಆಮೇಲೆ ‘ಬಿಟ್ಟೆ’ ಎಂದಳು. ಅವನು ತಲೆ ತಗ್ಗಿಸಿದ.

ಹೋಗುವಾಗ ಜಮೇದಾರರ ಮುಂದೆಯೇ ದಾರಿ. ಇಬ್ಬರೂ ನಿಂತರು. ಎರಡು ವರ್ಷ ಹುಡುಕಿದವನು ಒಂದು ಮಾರು ದೂರದಲ್ಲಿ, ಹಿಡಿಯಲು ಕೈ ಚಾಚಿದರೆ ಸಾಕು. ಬೋಜಪ್ಪನವರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ, “ಹೊಳೆ ದಾಟುವ ತನಕ ನೀನ್ ನಂಗೆ ಕಾಣ್ಸುದಿಲ್ಲೆ. ದಾಟಿದ ಮೇಲೆ ಈ ಘಟ್ಟಕ್ಕೆ ಮತ್ತೆ ಬಾರದಿರು” ಎಂದರು. ಪುಟ್ಟ ಹೋದ. ಅವರು ಅವನ ಬೆನ್ನನ್ನೂ ನೋಡಲಿಲ್ಲ.

ಇಷ್ಟು ವರ್ಷ ಆ ಕಲ್ಲನ್ನು ಕಾಯುತ್ತಿರುವವನು ನಾನೆಂದುಕೊಂಡಿದ್ದೆ. ಕೊಟ್ಟ ಮಾತನ್ನು ಹೀಗೆ ಕಾಯುವವರನ್ನು ಪೊಲೀಸಿನಲ್ಲಿ ಕಂಡು ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಅಂಥವರ ಪಕ್ಕದಲ್ಲಿ ನೀನು ಮಣೆ ಹಾಕಿ ಕೂರುತ್ತೀ ಎಂಬುದಕ್ಕೂ ಸೇರಿಸಿ ಹೇಳುತ್ತಿದ್ದೇನೆ.

ನಿನ್ನ ತಂದೆ,
ಗಜಾನನ ಭಟ್ಟ

—

ಸುಂಟಿಕೊಪ್ಪ,
೮ ಫೆಬ್ರವರಿ ೧೯೨೭, ಮಂಗಳವಾರ ಬೆಳಿಗ್ಗೆ

ಅಪ್ಪಯ್ಯ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ಸಂತೋಷದ ಉತ್ತರ ಬರೆಯಬೇಕೆಂದಿದ್ದೆ, ಆಗುತ್ತಿಲ್ಲ.

ಭಾನುವಾರ ಮಾರಿಗುಡಿಯಲ್ಲಿ ಸಾಂತಪ್ಪನವರು ಕೋಟು, ರುಮಾಲು ಹಾಕಿಕೊಂಡು ಬಂದು, ಲೈನಿನವರೆಲ್ಲರ ಎದುರಿಗೆ, “ಈ ಮಗೀಗೆ ಹಾಕಬಾರದ ಆಣೆ ಹಾಕಿಸಿದೆ, ತಪ್ಪಾಯ್ತು, ಬಿಟ್ಟೆ” ಎಂದು ನೀರು ಬಿಟ್ಟರು. ಸಿದ್ದಿಯೂ ಬಿಟ್ಟಳು. ಮುದುಕಿಯರು ಕಣ್ಣೊರೆಸಿಕೊಂಡರು. ಎಲ್ಲ ಮುಗಿದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ‘ಒಳ್ಳೆಯವಳಾಗಿರುತ್ತೇನೆ’ ಎಂದು ಒಂದೇ ಒಂದು ಸಣ್ಣ ಮಾತು ಹೇಳಿಸಿಬಿಡೋಣವೇ ಎಂದು ನನ್ನ ಕಿವಿಯಲ್ಲಿ ಕೇಳಿದರು. ನಾನು ಬೇಡವೇ ಬೇಡ ಎಂದೆ. ಇನ್ನು ಅವಳನ್ನು ಯಾವುದರಿಂದಲೂ ಕಟ್ಟುವುದು ಬೇಡ, ಅವಳಾಗಿ ಬಂದರೆ ಬರಲಿ ಎಂದೆ.

ನಿನ್ನೆ ಅವಳು ಶಾಲೆಗೆ ಬರಲಿಲ್ಲ. ಲೈನಿನಲ್ಲೂ ಇಲ್ಲ. ಲಿಂಗಿಗೂ ಹೇಳಿಲ್ಲ. ಬೆಳಗಾಗುವ ಮೊದಲೇ ಮಡಿಕೇರಿ ಕಡೆಯ ಗಾಡಿಯೊಂದರಲ್ಲಿ ಕೂತಿದ್ದನ್ನು ಕಂಡವರಿದ್ದಾರೆ. ಇವತ್ತೂ ಇಲ್ಲ.

ಬೋಜಪ್ಪನವರ ವಿಷಯ ಇನ್ನೂ ಸಂಕಟ. ಮೇಲಿನವರಿಗೆ ಸುದ್ದಿ ಮುಟ್ಟಿತು. ಸಾಂತಪ್ಪನವರು ಮಡಿಕೇರಿಯವರೆಗೆ ಹೋಗಿ ಜೊತೆಗೆ ನಿಂತರೂ ಜಮೇದಾರಿಕೆ ಹೋಯಿತು, ಈಗ ಒಂದು ಮೆಟ್ಟಿಲು ಕೆಳಗಿನ ದಫೇದಾರ. ತೋಳಿನ ಪಟ್ಟಿ ಬಿಚ್ಚಿಕೊಟ್ಟು ಬಂದವರು ಅದೇ ಜಗಲಿಯಲ್ಲಿ ಅದೇ ಜಾಗದಲ್ಲಿ ಕೂತರು. ಸಿದ್ದಿ ಇಲ್ಲವೆಂದು ಅವರಿಗೆ ನಾನೇ ಹೇಳಿದೆ. “ಬರ್ತಾಳೆ ಟೀಚರೆ, ಒಂಚೂರು ತಡೀರಿ” ಎಂದು ನನಗೇ ಸಮಾಧಾನ ಹೇಳಿದರು.

ಅಪ್ಪಯ್ಯ, ಕಟ್ಟುವುದು ಬೇಡವೆಂದು ಜಂಬದಿಂದ ಹೇಳಿದವಳು ನಾನು. ಅವಳು ಮತ್ತೆ ಅಲ್ಲಿಗೇ ಹೋಗಿದ್ದರೆ ಇವರಿಬ್ಬರ ಮುಖ ನಾನು ಹೇಗೆ ನೋಡಲಿ?

ಪದ್ಮಾಕ್ಷಿ

—

ಬಾಳೆಮೂಲೆ,
೮ ಫೆಬ್ರವರಿ ೧೯೨೭, ಮಂಗಳವಾರ ಸಂಜೆ

ಮಗಳೇ ಪದ್ದಿ,

ಗಾಬರಿಯಾಗಬೇಡ. ಸಿದ್ದಿ ಇಲ್ಲಿದ್ದಾಳೆ. ಈ ಕಾಗದವನ್ನು ಬೆಳಗಿನ ಮೊದಲ ಮೋಟಾರಿನವನ ಕೈಯಲ್ಲಿ ಕೊಡುತ್ತೇನೆ, ನಾವು ಮುಟ್ಟುವ ಮೊದಲು ನಿನಗೆ ಮುಟ್ಟಲಿ.

ಮಧ್ಯಾಹ್ನದ ಪೂಜೆ ಮುಗಿಸಿ ಬಾಗಿಲು ಹಾಕುತ್ತಿದ್ದೆ. ಹಲಸಿನ ಮರದ ಕೆಳಗೆ ಇಬ್ಬರು ನಿಂತಿದ್ದರು. ಒಬ್ಬಳು ಸಿದ್ದಿ, ಇನ್ನೊಬ್ಬಳು ಹನ್ನೆರಡು ತುಂಬಿರದ ಹುಡುಗಿ, ಮೈಯೆಲ್ಲ ಮಸಿ, ಕಾಲಲ್ಲಿ ಜಿಗಣೆ ಕಚ್ಚಿದ ರಕ್ತ. ಹೆಸರು ಮುತ್ತಿ, ಅಪ್ಪ ಅಮ್ಮ ಯಾರೂ ಇಲ್ಲ. ಪುಟ್ಟ ಕಾಫಿ ಬಚ್ಚಿಡುತ್ತಿದ್ದ ಗುಡಿಸಲು ಕಾಡಿನೊಳಗಿದೆಯಂತೆ, ಅದನ್ನು ಕಾಯುವವಳು ಇವಳು. ಮೊನ್ನೆ ಅವನು ಐದು ಜನರನ್ನು ಕರೆತಂದಾಗ ಇವಳನ್ನು ಕಾವಲಿಗೆ ಬಿಟ್ಟು ಬಂದಿದ್ದ. ಹೊಳೆ ದಾಟಿದವನು ಗುಡಿಸಲಿಗೆ ಮರಳಲೇ ಇಲ್ಲ. ಈ ಮಗು ಬಿಟ್ಟು ಹೋಗುವುದಿಲ್ಲವೆಂದು ಕಲ್ಲಿನ ಮುಂದೆ ಹೇಳಿದ್ದಾಳೆ, ಆದ್ದರಿಂದ ಆ ಬರಿ ಗುಡಿಸಲನ್ನು ಕಾಯುತ್ತ, ಗೆಡ್ಡೆ ಸುಟ್ಟು ತಿನ್ನುತ್ತ, ಒಬ್ಬಳೇ ಅಲ್ಲೇ ಕೂತಿದ್ದಳು ಪದ್ದಿ! ನಾವು ಇಷ್ಟು ಜನ ದೊಡ್ಡವರು, ಚಾವಡಿ, ಠಾಣೆ, ಶಾಲೆ, ದೇವಸ್ಥಾನ, ಎಲ್ಲ ಸೇರಿ ಮಕ್ಕಳನ್ನು ಬಿಡಿಸಿದೆವೆಂದು ಬೆನ್ನು ತಟ್ಟಿಕೊಳ್ಳುತ್ತಿದ್ದೆವು.

“ಪುಟ್ಟಣ್ಣ ಇವಳಿಗೂ ಏಳಿರ್ತಾನೆ ಅಂದ್ಕಂಡಿದ್ದೆ ಅಯ್ನೋರೆ” ಎಂದಳು ಸಿದ್ದಿ. “ಮಾರಿಗುಡೀಲಿ ಪಾರುಪತ್ಯಗಾರರು ತಾವೇ ಬಂದು ನೀರು ಬುಟ್ರಲ್ಲ, ಆಗ ಗ್ಯಾನ ಬಂತು. ಇವಳ ತಾವಕ್ಕೆ ಯಾರು ಓಗವ್ರೆ?” ಟೀಚರಿಗಾದರೂ ಹೇಳಬಾರದಿತ್ತೇ ಎಂದು ಗದರಿದೆ. “ಏಳಿದ್ರೆ ಜಮೇದಾರ್ರು ಬರೋರು. ಅವರು ಒಳ್ಳೇರು ಅಂತ ಇವಳಿಗೇನು ಗೊತ್ತು? ಎದ್ರಿ ಕಾಡಿಗೆ ಓಡೋಳು.”

ಆಮೇಲೆ ದೀಪ ತರಲು ಕೇಳಿದಳು. ನಾನು ಕ್ರಮ ಹೇಳಿದೆ: ಪುಟ್ಟನಿಲ್ಲದೆ ಆಗದು, ಎರಡು ಕೈ ಬೇಕು, ಅವನು ಎಲ್ಲಿದ್ದಾನೋ ಯಾರಿಗೂ ತಿಳಿಯದು. ಸಿದ್ದಿ ಸ್ವಲ್ಪ ಯೋಚಿಸಿದಳು. “ಅವನ ಕಡೆ ಕೈ ನಾನು ಇಡೀತೀನಿ” ಎಂದಳು.

ನನ್ನ ಅಪ್ಪ, ಅಜ್ಜ ಯಾರೂ ಇದನ್ನು ಒಪ್ಪುತ್ತಿರಲಿಲ್ಲ. ನಾನು ಒಳಗೆ ಹೋಗಿ ಶಾಸ್ತಾವಿನ ಮುಂದೆ ಒಂದು ಗಳಿಗೆ ನಿಂತೆ, ದೀಪವೆತ್ತಿಕೊಂಡು ಬಂದೆ. ಸಿದ್ದಿ ಮತ್ತು ಮುತ್ತಿ ಒಂದೇ ತಂಬಿಗೆ ಹಿಡಿದರು. ಇಬ್ಬರೂ ‘ಬಿಟ್ಟೆ’ ಎಂದರು; ಮುತ್ತಿ ಕಣ್ಣು ಮುಚ್ಚಿಕೊಂಡಿದ್ದರಿಂದ ನೀರು ಸುತ್ತಲೂ ಚೆಲ್ಲಿತು. “ನೋಡ್ದಾ, ಏನೂ ಆಗ್ಲಿಲ್ಲ” ಎಂದು ಸಿದ್ದಿ ಅವಳ ತಲೆ ಸವರಿದಳು. ನನ್ನ ಕಣ್ಣು ಮಂಜಾಯಿತು. ಅರವತ್ತಾರು ವರ್ಷದವನು ಅಳುತ್ತ ನಿಂತದ್ದನ್ನು ನಿನ್ನ ಅಮ್ಮ ಬೇಲಿಯಾಚೆಯಿಂದ ನೋಡಿಬಿಟ್ಟಿದ್ದಾಳೆ, ಇನ್ನು ಊರಿಗೆಲ್ಲ ಹೇಳುತ್ತಾಳೆ.

ಇಬ್ಬರೂ ಉಂಡು ನಮ್ಮ ಜಗಲಿಯಲ್ಲಿ ಮಲಗಿದ್ದಾರೆ. ನಾಳೆ ಎರಡನೆಯ ಮೋಟಾರಿಗೆ ನಾನೇ ಕರೆದುಕೊಂಡು ಬರುತ್ತೇನೆ. ನಿನ್ನ ಶಾಲೆ ಎಲ್ಲಿದೆ ಎಂದು ನಾನು ನೋಡಿದವನಲ್ಲ, ಮೋಟಾರು ನಿಲ್ಲುವಲ್ಲಿಗೆ ನೀನೇ ಬಾ. ಮುತ್ತಿಗೆ ಅಕ್ಷರ ಬರುವುದಿಲ್ಲವಂತೆ. ಸಿದ್ದಿಯ ಪಕ್ಕದಲ್ಲಿ ಅವಳಿಗೂ ಜಾಗ ಮಾಡಿಡು.

ಅಪ್ಪಯ್ಯ